ಹೆಬ್ಬಾಗಿಲಿನ ಬೆಲೆ

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಈ ನಾಲ್ಕು ಊರುಗಳ ಸೀಮೆಯು ಬಂಡೆಬೆಟ್ಟಗಳ ಸೀಮೆಯಾಗಿರುವಂತೆಯೇ ಕೋಟೆಕೊತ್ತಲಗಳ ಸೀಮೆಯೂ ಆಗಿದ್ದಿತು. ಹಿಂದೆ ಕಾನಕಾನಹಳ್ಳಿಯೆಂದು ಕರೆಯಿಸಿಕೊಳ್ಳುತ್ತಿದ್ದ ಕನಕಪುರದಲ್ಲಿ ಒಂದು ಕೋಟೆಯಿದ್ದಿತು; ಚನ್ನಪಟ್ಟಣದ ಕೋಟೆಯನ್ನು ಸುಮಾರು ೧೫೮೦ರಲ್ಲಿ ಜಗದೇವರಾಯನು ಕಟ್ಟಿಸಿದನೆಂದು ಹೇಳುವರು; ಮಾಗಡಿಯ ಕೋಟೆಯೂ ಸಾವನದುರ್ಗವೂ ಕೆಂಪೇಗೌಡರ ವಂಶದ ಹೆಸರಿನೊಡನೆ ಬೆರೆತುಹೋಗಿವೆ. ಇವುಗಳ ಚರಿತ್ರೆಯನ್ನು ಹೇಳುವಾಗ ಕಟ್ಟಿಸಿದವನ ಹೆಸರು ಮೊದಲು ಬರುವುದು. ಮುತ್ತಿಗೆ ಹಾಕಿದವನ ಹೆಸರು ಆಮೇಲೆ ಬರುವುದು. ಮಣ್ಣು ಹೊತ್ತವರ, ಕಲ್ಲೊಡೆದವರ, ಅವರ ಹಾದಿಯನ್ನು ನೋಡುತ್ತ ಮನೆಯಲ್ಲಿ ಕಾದು ಕುಳಿತವರ ಹೆಸರು ಬರುವುದಿಲ್ಲ. ದೊಡ್ಡ ಕಾರ್ಯವೊಂದಕ್ಕೆ ಎಷ್ಟು ವರಹ ವೆಚ್ಚವಾಯಿತೆಂಬುದು ಕೆಲವು ವೇಳೆ ಲೆಕ್ಕಕ್ಕೆ ಸಿಕ್ಕುವುದುಂಟು. ಎಷ್ಟು ಮನೆಗಳ ನೆಮ್ಮದಿ ವೆಚ್ಚವಾಯಿತೆಂಬುದನ್ನು ಬರೆದಿಡುವುದು ಮಾತ್ರ ಯಾವ ಚಾವಡಿಯ ಕರಣಿಕನಿಗೂ ಕೆಲಸವಾಗಿರಲಿಲ್ಲ.

ಆದರೆ ಬರಹವು ಬಿಟ್ಟುದನ್ನು ಜನರ ಬಾಯಿ ಒಮ್ಮೊಮ್ಮೆ ಹಿಡಿದಿಟ್ಟುಕೊಳ್ಳುವುದು. ಕೆಂಪೇಗೌಡನ ಮನೆಯ ಸೊಸೆ ಲಕ್ಷ್ಮೀದೇವಿಯ ಕಥೆಯು ಅಂತಹುದು. ಇದನ್ನು ತ್ಯಾಗದ ಕಥೆಯೆಂದು ಹೇಳುವುದು ವಾಡಿಕೆ. ಕಾರ್ಯವೊಂದು ಮನೆಯನ್ನೆಲ್ಲ ಆವರಿಸಿಕೊಂಡಾಗ ಆ ಮನೆಯವರಿಗೆ ಏನಾಗುವುದೆಂಬುದನ್ನೂ ಇದೇ ಕಥೆಯು ತಿಳಿಸುವುದು. ಆ ದೃಷ್ಟಿಯಿಂದ ಇದನ್ನು ನೋಡಿದವರು ವಿರಳ.

ಯಲಹಂಕ ನಾಡಿನ ಪ್ರಭುವಾಗಿದ್ದ ಹಿರಿಯ ಕೆಂಪೇಗೌಡನು ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ೧೫೩೭ರಲ್ಲಿ, ಬೆಂಗಳೂರಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸತೊಡಗಿದನು. ಇಂದು ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವೆಡೆಯಲ್ಲಿ ನಾಲ್ಕು ಜೊತೆ ಎತ್ತುಗಳನ್ನು ಹೂಡಿಸಿ ನಾಲ್ಕು ದಿಕ್ಕಿಗೆ ನೇಗಿಲ ಗೆರೆಯನ್ನು ಹೊಡೆಯಿಸಿದನೆಂಬ ಮಾತು ಪ್ರಸಿದ್ಧವಾಗಿದೆ. ಕೋಟೆಯು ಮಣ್ಣಿನದು, ಅದರ ಸುತ್ತಲೂ ಕಂದಕ. ಒಳಗೆ ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ ಎಂಬಂತೆ ಒಂದೊಂದು ಕಸುಬಿಗೂ ವ್ಯಾಪಾರಕ್ಕೂ ಒಂದೊಂದು ಪೇಟೆ. ಧರ್ಮಾಂಬುಧಿ, ಕೆಂಪಾಂಬುಧಿ ಎಂಬ ಕೆರೆಗಳನ್ನೂ, ದೊಡ್ಡ ಬಸವನ ಗುಡಿಯೇ ಮೊದಲಾದ ದೇವಾಲಯಗಳನ್ನೂ ಜನರು ಅವನ ಹೆಸರಿಗೆ ಸೇರಿಸಿ ಹೇಳುವರು. ಅವನ ಕಾರ್ಯಕ್ಕೆ ಮೆಚ್ಚಿ ಅಚ್ಯುತರಾಯನು ಮೂವತ್ತು ಸಾವಿರ ವರಹದ ಹುಟ್ಟುವಳಿಯುಳ್ಳ ಹೋಬಳಿಗಳನ್ನು ಬಿಟ್ಟುಕೊಟ್ಟನೆಂದು ಪ್ರತೀತಿ. ಒಂದು ಆಯುಷ್ಯದಲ್ಲಿ ಇಷ್ಟನ್ನು ಮಾಡಿಸಿದವನಿಗೆ ಹಗಲೂ ಇರುಳೂ ಬೇರೆ ಚಿಂತೆಗೆ ಎಡೆಯಿದ್ದಿರಲಾರದು. ಬೆಂಗಳೂರು ಇಂದು ಏನಾಗಿದೆಯೋ ಅದನ್ನು ನೋಡಿದವರು ಆ ಚಿಂತೆಯನ್ನು ಹಗುರವಾಗಿ ಕಾಣಲಾರರು.

ಐತಿಹ್ಯವು ಹೇಳುವುದಿಷ್ಟು. ಕೋಟೆಯ ಉಳಿದ ಭಾಗಗಳು ಎದ್ದು ನಿಂತರೂ ತೆಂಕಣ ಹೆಬ್ಬಾಗಿಲು ಮಾತ್ರ ನಿಲ್ಲದೆಹೋಯಿತು. ಹಗಲು ಕಟ್ಟಿದುದು ಇರುಳು ಬೀಳುತ್ತಿದ್ದಿತು. ಬಲ್ಲವರನ್ನು ಕೇಳಿಸಲು, ಬಸುರಿಯೊಬ್ಬಳನ್ನು ಬಲಿಗೊಡದೆ ಬಾಗಿಲು ನಿಲ್ಲದೆಂದು ಅವರು ನುಡಿದರು. ಗೌಡನು ಅದಕ್ಕೆ ಒಪ್ಪಲಿಲ್ಲ; ಕೆಲಸವೂ ಮುಂದೆ ಸಾಗಲಿಲ್ಲ. ಮಾವನ ಕೊರಗನ್ನು ಕಂಡ ಸೊಸೆ ಲಕ್ಷ್ಮೀದೇವಿಯು, ತಾನೇ ಗರ್ಭಿಣಿಯಾಗಿದ್ದವಳು, ಯಾರಿಗೂ ಹೇಳದೆ ಒಂದು ರಾತ್ರಿ ಹೆಬ್ಬಾಗಿಲಿನ ಬಳಿಗೆ ಹೋಗಿ ತನ್ನನ್ನು ತಾನೇ ಬಲಿಗೊಟ್ಟುಕೊಂಡಳು. ಬಾಗಿಲು ನಿಂತಿತು. ಕೆಂಪೇಗೌಡನು ಅವಳ ಹೆಸರಿನಲ್ಲಿ ಕೋರಮಂಗಲದಲ್ಲಿ ಗುಡಿಯನ್ನು ಕಟ್ಟಿಸಿದನು. ಲಕ್ಷ್ಮಮ್ಮನ ಸ್ಮಾರಕವು ಇಂದಿಗೂ ಅಲ್ಲಿದೆ.

ಇದು ಐತಿಹ್ಯವೇ ಹೊರತು ಶಾಸನವಲ್ಲ. ಆದರೂ ಇದರ ಹಿಂದಿರುವ ನಂಬಿಕೆಯು ಕವಿಕಲ್ಪನೆಯಲ್ಲವೆಂಬುದಕ್ಕೆ ಅದೇ ಕಾಲದ ಸಾಕ್ಷಿಯಿದೆ. ಬೆಂಗಳೂರಿನ ಕೋಟೆಗೆ ಹದಿನೈದು ವರ್ಷಕ್ಕೂ ಹಿಂದೆ, ಸುಮಾರು ೧೫೨೦ರಲ್ಲಿ, ಪೋರ್ಚುಗೀಸ್ ಪ್ರವಾಸಿಯಾದ ದೊಮಿಂಗೊ ಪಾಯೆಸನು ವಿಜಯನಗರಕ್ಕೆ ಬಂದಿದ್ದನು. ಕೃಷ್ಣದೇವರಾಯನು ಆಗ ರಾಜಧಾನಿಯ ಬಳಿಯಲ್ಲಿ ಒಂದು ಮಹಾ ತಟಾಕವನ್ನು ಕಟ್ಟಿಸುತ್ತಿದ್ದನು. ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ಮುತ್ತಿಕೊಂಡು ದುಡಿಯುತ್ತಿದ್ದರೆಂದೂ, ಅವರು ನಡೆದಾಡುವ ನೆಲವೇ ಕಣ್ಣಿಗೆ ಕಾಣುತ್ತಿರಲಿಲ್ಲವೆಂದೂ ಅವನು ಬರೆದಿದ್ದಾನೆ. ಏರಿಯು ಎರಡು ಮೂರು ಸಲ ಒಡೆದುಹೋಗಲು ರಾಯನು ವಿಪ್ರರನ್ನು ಕೇಳಿದನಂತೆ; ದೇವರಿಗೆ ಬಲಿ ಬೇಕೆಂದು ಅವರು ಹೇಳಿದರಂತೆ. ಅರುವತ್ತು ಮಂದಿಯ ತಲೆಯನ್ನು ಗುಡಿಯ ಬಾಗಿಲಲ್ಲಿ ಹೊಡೆಯಿಸಿದರೆಂದೂ, ಅವರೊಡನೆ ಕುದುರೆಗಳನ್ನೂ ಕೋಣಗಳನ್ನೂ ಕಡಿಸಿದರೆಂದೂ ಅವನ ಬರಹದಲ್ಲಿದೆ. ಮುಂದೆ ಅಲ್ಲಿಗೆ ಬಂದ ನೂನಿಜನೂ ಇದೇ ವಿಷಯವನ್ನು ಹೇಳಿ, ತಲೆ ಹೊಡೆಯಿಸಿಕೊಂಡವರು ಮರಣಕ್ಕೆ ಅರ್ಹರೆನಿಸಿದ್ದ ಸೆರೆಯವರೆಂದು ಬರೆದಿದ್ದಾನೆ. ಕೆಂಪೇಗೌಡನು ಈ ಸಾಮ್ರಾಜ್ಯದ ಸಾಮಂತನು. ಚಕ್ರವರ್ತಿಯ ನಗರದಲ್ಲಿ ನಡೆದುದು ಸಾಮಂತನ ಊರಿನಲ್ಲಿ ಕೇಳಿಬಂದುದು ಆಶ್ಚರ್ಯವಲ್ಲ.

ಆದರೆ ಎರಡು ವೃತ್ತಾಂತಗಳಿಗೂ ಒಂದು ಮುಖ್ಯವಾದ ಭೇದವಿದೆ. ರಾಯನ ಕೆರೆಗೆ ಸತ್ತವರು ಸೆರೆಯಲ್ಲಿದ್ದವರು. ಅವರಿಗೆ ಹೆಸರಿಲ್ಲ, ಅವರಿಗಾಗಿ ಅತ್ತವರ ಸುದ್ದಿಯಿಲ್ಲ. ಅರುವತ್ತು ಎಂಬ ಸಂಖ್ಯೆಯೊಂದು ಉಳಿದುಬಂದಿದೆ. ಗೌಡನ ಬಾಗಿಲಿಗೆ ಸತ್ತವಳು ಮನೆಯ ಸೊಸೆ. ಅವಳಿಗೆ ಹೆಸರಿದೆ, ಗುಡಿಯಿದೆ, ಪೂಜೆಯಿದೆ. ಜನರು ಯಾರ ಕಥೆಯನ್ನು ಉಳಿಸಿಕೊಂಡರೆಂಬುದರಿಂದ ಅವರ ಮನಸ್ಸನ್ನು ಊಹಿಸಬಹುದು. ದೊಡ್ಡ ಕೆಲಸದ ಬೆಲೆಯನ್ನು ಕೊನೆಗೆ ಕೊಡಬೇಕಾದವರು ಎಲ್ಲಿಯೋ ಇರುವ ಅಪರಿಚಿತರಲ್ಲ, ಒಂದೇ ಒಲೆಯ ಅನ್ನವನ್ನು ಉಣ್ಣುವವರು ಎಂಬ ಅರಿವು ಈ ಕಥೆಯಲ್ಲಿ ಹುದುಗಿದೆ.

ಇದೇ ಅರಿವು ಉತ್ತರ ಕರ್ನಾಟಕದ "ಕೆರೆಗೆ ಹಾರ" ಎಂಬ ಹಾಡಿನಲ್ಲಿ ಇನ್ನೂ ಸ್ಪಷ್ಟವಾಗಿದೆ. ಮಲ್ಲನಗೌಡನು ಕೆರೆಯನ್ನು ಕಟ್ಟಿಸುವನು, ನೀರು ಬರುವುದಿಲ್ಲ. ಸೊಸೆಯನ್ನು ಕೊಡಬೇಕೆಂದು ತಿಳಿದುಬಂದಾಗ ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು ದಿಕ್ಕೆಂಬ ಲೆಕ್ಕಾಚಾರ ನಡೆದು, ಕಿರಿಯವಳಾದ ಭಾಗೀರಥಿಯು ಗೊತ್ತಾಗುವಳು. ಸಂಗತಿಯನ್ನು ಅರಿತ ಅವಳು ತವರಿಗೆ ಹೋಗಿ ತಂದೆತಾಯಿಗಳೆದುರು ನಿಜವನ್ನು ಹೇಳಲಾರದೆ, ಅತ್ತೆಮಾವಂದಿರು ತನ್ನನ್ನು ಬೇರೆ ಇಡುವರಂತೆ ಎಂದು ಮಾತು ಮರೆಸುವಳು. ಗೆಳತಿಯೊಬ್ಬಳಿಗೆ ಮಾತ್ರ ನಿಜವನ್ನು ತಿಳಿಸುವಳು. ಗಂಡನಾದ ಮಾದೇವರಾಯನು ಆ ವೇಳೆಗೆ ದಂಡಿನಲ್ಲಿರುವನು. ಅವನೂ ತನ್ನ ಕೆಲಸದಲ್ಲಿಯೇ ಇದ್ದನೆಂಬುದನ್ನು ಮರೆಯಲಾಗದು. ಅವನು ಕೆಟ್ಟ ಕನಸು ಕಂಡು ಕುದುರೆಯೇರಿ ಬರುವ ಹೊತ್ತಿಗೆ ಕೆರೆ ತುಂಬಿರುವುದು. ವಿಷಯವನ್ನು ತಿಳಿದು ಅವನೂ ಅದೇ ನೀರಿಗೆ ಹಾರುವನು. ಹಾಡನ್ನು ಕಟ್ಟಿದ ಹೆಂಗಸರು ಕೆರೆಯ ಉಪಕಾರವನ್ನು ಅಲ್ಲಗಳೆದವರಲ್ಲ. ನೀರಿನ ಬೆಲೆ ಅವರಿಗೆ ಗೊತ್ತಿಲ್ಲದುದೂ ಅಲ್ಲ. ಆದರೆ ತುಂಬಿದ ಕೆರೆಯನ್ನು ತೋರಿಸಿ ಅವರು ಹಾಡನ್ನು ಮುಗಿಸಲಿಲ್ಲ. ಮುಳುಗಿದ ಗಂಡನನ್ನು ತೋರಿಸಿ ಮುಗಿಸಿದರು.

ಈ ಕಥೆಯು ಕನ್ನಡ ನಾಡಿಗೆ ಮಾತ್ರ ಸೇರಿದುದೆಂದು ತಿಳಿಯಬೇಕಾಗಿಲ್ಲ. ಗ್ರೀಸ್ ದೇಶದ ಆರ್ತಾ ಎಂಬ ಊರಿನ ಸೇತುವೆಯು ಪ್ರತಿರಾತ್ರಿಯೂ ಬೀಳುತ್ತಿದ್ದು, ಮುಖ್ಯಶಿಲ್ಪಿಯ ಹೆಂಡತಿಯನ್ನು ಕಂಬದೊಳಗೆ ಸೇರಿಸಿ ಕಟ್ಟಿದ ಮೇಲೆ ನಿಂತಿತೆಂದು ಅಲ್ಲಿಯವರು ಹಾಡುವರು. ಆಲ್ಬೇನಿಯದ ಷ್ಕೋದ್ರ ಕೋಟೆಯ ಕಥೆಯಲ್ಲಿ ಮೂವರು ಅಣ್ಣತಮ್ಮಂದಿರಿರುವರು. ನಾಳೆ ಊಟ ತರುವವಳೇ ಬಲಿಯೆಂದು ಗೊತ್ತುಮಾಡಿಕೊಂಡು, ಮನೆಯಲ್ಲಿ ಹೇಳಬಾರದೆಂದು ಮಾತು ಕೊಟ್ಟುಕೊಳ್ಳುವರು. ಹಿರಿಯರಿಬ್ಬರೂ ತಮ್ಮ ಹೆಂಡತಿಯರಿಗೆ ಗುಟ್ಟನ್ನು ತಿಳಿಸಿಬಿಡುವರು. ಮಾತಿಗೆ ಕಟ್ಟುಬಿದ್ದ ಕಿರಿಯವನ ಹೆಂಡತಿ ರೊಜಾಫಳು ಊಟವನ್ನು ಹೊತ್ತು ಬರುವಳು. ಹಾಲುಗೂಸಿಗೆ ಮೊಲೆಯೂಡಿಸಲೂ ತೊಟ್ಟಿಲನ್ನು ತೂಗಲೂ ಆಗುವಂತೆ ಗೋಡೆಯಲ್ಲಿ ಎಡೆ ಬಿಡಿರೆಂದು ಅವಳು ಬೇಡಿಕೊಂಡಳಂತೆ. ೧೫೧೭ರಲ್ಲಿ ಪ್ರತಿಷ್ಠೆಯಾದ ರುಮೇನಿಯದ ಆರ್ಜೆಷ್ ದೇಗುಲದ ಶಿಲ್ಪಿ ಮನೋಲೆಯು ತನ್ನ ಹೆಂಡತಿಯನ್ನೇ ಗೋಡೆಗಿಟ್ಟನೆಂದು ಆ ದೇಶದ ಲಾವಣಿ ಹೇಳುವುದು. ಇಂತಹ ಇನ್ನೊಂದನ್ನು ಅವನು ಬೇರೆಯವರಿಗೆ ಕಟ್ಟಬಾರದೆಂದು ಪ್ರಭುವು ಏಣಿಯನ್ನು ತೆಗೆಯಿಸಲು, ಮರದ ರೆಕ್ಕೆಗಳನ್ನು ಕಟ್ಟಿಕೊಂಡು ಮಾಡಿನಿಂದ ಹಾರಿ ಬಿದ್ದು ಅವನೂ ಸತ್ತನಂತೆ. ಒಬ್ಬರನ್ನೊಬ್ಬರು ಕಂಡರಿಯದ ಜನರು ಒಂದೇ ಕಥೆಯನ್ನು ಹೇಳಿಕೊಂಡರೆಂದರೆ, ಅವರೆಲ್ಲರೂ ಒಂದೇ ಬಗೆಯ ಅನುಭವವನ್ನು ಕಂಡಿದ್ದರೆಂದು ತಿಳಿಯಬಹುದು.

ಆ ಅನುಭವವು ಯಾವುದು? ಹಿಂದಿನವರು ಸಪ್ತಸಂತಾನಗಳೆಂದು ಏಳನ್ನು ಎಣಿಸಿದ್ದರು: ಕೆರೆ, ನಿಧಿ, ಅಗ್ರಹಾರ, ದೇವಾಲಯ, ಉಪವನ, ಕಾವ್ಯ, ಪುತ್ರ. ಮನುಷ್ಯನು ಸತ್ತ ಮೇಲೂ ಅವನ ಹೆಸರನ್ನು ಉಳಿಸುವುದೆಲ್ಲವೂ ಅವನ ಸಂತಾನವೇ ಎಂಬುದು ಇದರ ಭಾವ. ಇದು ಉದಾರವಾದ ಭಾವನೆ; ಮಕ್ಕಳಿಲ್ಲದವರಿಗೆ ಸಮಾಧಾನವನ್ನೂ ಮಕ್ಕಳಿದ್ದವರಿಗೆ ಲೋಕೋಪಕಾರದ ಬುದ್ಧಿಯನ್ನೂ ಕೊಟ್ಟ ಭಾವನೆ. ನಾಡಿನ ಎಷ್ಟೋ ಕೆರೆಗಳು ಇದರಿಂದಲೇ ಆದವು. ಆದರೆ ಕೈಯ ಕೆಲಸವನ್ನು ಮಕ್ಕಳ ಸಾಲಿನಲ್ಲಿ ಕೂರಿಸಿದ ಮೇಲೆ ಎರಡಕ್ಕೂ ಒಂದು ದಿನ ಸ್ಪರ್ಧೆ ಬರಬಹುದೆಂಬುದನ್ನು ಆ ಎಣಿಕೆಯು ಹೇಳಲಿಲ್ಲ. ಐತಿಹ್ಯವು ಹೇಳಿತು. ಲಕ್ಷ್ಮೀದೇವಿಯು ಬಸುರಿಯಾಗಿದ್ದಳೆಂಬ ಮಾತನ್ನು ಕಥೆಯು ಸುಮ್ಮನೆ ಸೇರಿಸಿಲ್ಲ. ಗೌಡನ ಒಂದು ಸಂತಾನವು ನಿಲ್ಲಬೇಕಾದರೆ ಇನ್ನೊಂದು ಸಂತಾನವು ಹುಟ್ಟದೆ ಹೋಗಬೇಕಾಯಿತು.

ಬಾಗಿಲು ಬೀಳುವುದಕ್ಕೆ ಬೇರೆ ಕಾರಣಗಳನ್ನು ಹುಡುಕುವ ವಿದ್ಯೆ ಆ ಕಾಲದಲ್ಲಿ ಇರಲಿಲ್ಲವೆಂದು ಹೇಳಲಾಗದು. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ ೧೩೬೯ರ ಶಾಸನವು ಕೆರೆ ಕಟ್ಟುವುದಕ್ಕೆ ಬೇಕಾದ ಹನ್ನೆರಡು ಸಾಧನಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಎಣಿಸಿ ಹೇಳುವುದು. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ. ನೆಲವು ಚೌಳಾಗಿರುವುದು ಇನ್ನೊಂದು. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ಅಲ್ಲಿ ದುಡಿದರೆಂದು ಶಾಸನದಲ್ಲಿಯೇ ಇದೆ. ಮಣ್ಣಿನ ಕೋಟೆಗೆ ಕಂದಕದ ಮಗ್ಗುಲಲ್ಲಿ ಭಾರವಾದ ಬಾಗಿಲನ್ನು ನಿಲ್ಲಿಸುವಾಗ ನೀರು ಜಿನುಗಿ ತಳವು ಕುಸಿಯುವುದು ಸಹಜವಾಗಿ ಆಗಬಹುದಾದುದು. ತಳವನ್ನು ಮತ್ತೆ ಅಗೆದು ನೋಡಲು, ಒಣಗಲು ಬಿಡಲು, ಬೇಕಾದರೆ ಬಾಗಿಲಿನ ಎಡೆಯನ್ನೇ ಬದಲಾಯಿಸಲು ದಿನಗಳು ಬೇಕು, ತಾಳ್ಮೆ ಬೇಕು. ಮೊದಲ ಎಣಿಕೆಯು ತಪ್ಪಿತೆಂದು ಒಪ್ಪಬೇಕು. ಬಲಿಗೆ ಒಂದು ರಾತ್ರಿ ಸಾಕು. ಕಾರ್ಯವೇ ಪ್ರಾಣವೆಂದುಕೊಂಡವರಿಗೆ ಕಾಯುವುದು ಸಾವಿಗಿಂತ ಕಷ್ಟವಾಗಿ ತೋರುವುದುಂಟು.

ಇನ್ನು ಆಜ್ಞೆಯ ವಿಚಾರ. ವಿಜಯನಗರದಲ್ಲಿ ರಾಯನು ಆಜ್ಞಾಪಿಸಿದನು. ಮಲ್ಲನಗೌಡನ ಮನೆಯಲ್ಲಿ ಹಿರಿಯರು ನಿಶ್ಚಯಿಸಿದರು. ಷ್ಕೋದ್ರದಲ್ಲಿ ಅಣ್ಣತಮ್ಮಂದಿರು ಒಪ್ಪಂದ ಮಾಡಿಕೊಂಡರು. ಬೆಂಗಳೂರಿನ ಕಥೆಯಲ್ಲಿ ಮಾತ್ರ ಆಜ್ಞೆಯಿಲ್ಲ. ಕೆಂಪೇಗೌಡನು ಬೇಡವೆಂದನು; ಅದು ಅವನ ಹಿರಿಮೆ, ಅದನ್ನು ಕಡಮೆ ಮಾಡಿ ಹೇಳಬಾರದು. ಆದರೂ ಸೊಸೆ ಹೋದಳು. ಅವಳನ್ನು ಕಳುಹಿಸಿದವರು ಯಾರು? ಆ ಮನೆಯಲ್ಲಿ ಹೆಬ್ಬಾಗಿಲಿನ ಮಾತಲ್ಲದೆ ಬೇರೆ ಮಾತು ನಡೆಯದಿದ್ದಿರಬೇಕು. ಯಜಮಾನನ ಮುಖವು ಅರಳುವುದೂ ಬಾಡುವುದೂ ಗೋಡೆಯ ಎತ್ತರವನ್ನು ಹೊಂದಿಕೊಂಡಿದ್ದಿರಬೇಕು. ಮನೆಯ ಹಿರಿಯನ ಸಂತೋಷಕ್ಕೆ ಒಂದೇ ಬಾಗಿಲಿರುವಾಗ ಕಿರಿಯರು ತಮ್ಮ ಯೋಗ್ಯತೆಯನ್ನೂ ಅದರಿಂದಲೇ ಅಳೆದುಕೊಳ್ಳುವರು. ತಮ್ಮಿಂದ ಆ ಕಾರ್ಯಕ್ಕೆ ಏನಾಗುವುದೆಂದು ಕೇಳಿಕೊಳ್ಳುವರೇ ಹೊರತು ಆ ಕಾರ್ಯದಿಂದ ತಮಗೇನಾಗುವುದೆಂದು ಕೇಳಲಾರರು. ಅಂತಹ ಮನೆಯಲ್ಲಿ ಆಜ್ಞೆಗೆ ಅವಶ್ಯಕತೆಯೇ ಇಲ್ಲ. ಕ್ರೂರನಾದ ಯಜಮಾನನಿಂದ ಮನೆಯವರು ತಪ್ಪಿಸಿಕೊಂಡು ಹೋಗಬಹುದು. ಒಳ್ಳೆಯವನಾಗಿ, ಒಳ್ಳೆಯ ಕಾರ್ಯದಲ್ಲಿಯೇ ಮುಳುಗಿದವನಿಂದ ತಪ್ಪಿಸಿಕೊಳ್ಳುವುದು ಹೇಗೆ? ಅವನ ಮೇಲೆ ಯಾವ ದೂರನ್ನೂ ಹೇಳುವಂತಿಲ್ಲ.

ಕಥೆಯಲ್ಲಿ ಇನ್ನೊಂದು ಮೌನವಿದೆ. ಬೆಳಗಾದ ಮೇಲೆ ಅವಳ ಗಂಡನು ಏನು ಮಾಡಿದನು, ಅತ್ತೆಯು ಏನೆಂದಳು, ತವರಿನವರಿಗೆ ಸುದ್ದಿಯನ್ನು ಯಾರು ಮುಟ್ಟಿಸಿದರು ಎಂಬುದೊಂದೂ ಜನಜನಿತವಾದ ಕಥೆಯಲ್ಲಿ ಬರುವುದಿಲ್ಲ. ಬಾಗಿಲು ನಿಂತಿತು, ಗುಡಿ ಎದ್ದಿತು ಎಂದು ಕಥೆ ಮುಗಿಯುವುದು. "ಕೆರೆಗೆ ಹಾರ"ದ ಹೆಂಗಸರು ಈ ಎಡೆಯಲ್ಲಿ ನಿಲ್ಲದೆ ಗಂಡನವರೆಗೆ ಹೋದರು. ಬೆಂಗಳೂರಿನ ಕಥೆಯನ್ನು ಹೇಳಿದವರು ಗುಡಿಯ ಬಳಿಯಲ್ಲಿ ನಿಂತುಬಿಟ್ಟರು. ಪೂಜೆಯು ದುಃಖಕ್ಕೆ ಗೌರವವನ್ನು ತಂದುಕೊಡುವುದು ನಿಜ. ಒಮ್ಮೊಮ್ಮೆ ದುಃಖದ ಬಾಯನ್ನು ಮುಚ್ಚಿಸುವುದೂ ನಿಜ.

ಅಷ್ಟು ಬೆಲೆ ಕೊಟ್ಟ ಕಾರ್ಯವು ಮುಂದೆ ಏನಾಯಿತೆಂಬುದನ್ನೂ ನೋಡಬೇಕು. ತಾನೇ ನಾಣ್ಯವನ್ನು ಹೊಡೆಯಿಸಿದನೆಂಬ ಕಾರಣದಿಂದ ಕೆಂಪೇಗೌಡನು ವಿಜಯನಗರದ ಅಧಿಕಾರಿಗಳ ಕೋಪಕ್ಕೆ ಗುರಿಯಾಗಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದನೆಂದು ಹೇಳುವರು. ಕಟ್ಟುವ ಉತ್ಸಾಹವು ಮೇರೆಯನ್ನು ಕಾಣದಾದಾಗ ಅದರ ಬೆಲೆಯನ್ನು ಅವನೂ ತೆರಬೇಕಾಯಿತು. ೧೬೩೮ರಲ್ಲಿ, ಎಂದರೆ ಕೋಟೆಯು ಆರಂಭವಾಗಿ ನೂರೊಂದು ವರ್ಷಕ್ಕೆ, ಬಿಜಾಪುರದ ರಣದುಲ್ಲಾಖಾನನ ಸೈನ್ಯವು ಬೆಂಗಳೂರನ್ನು ತೆಗೆದುಕೊಂಡಿತು. ಯಾವ ಬಾಗಿಲಿಗಾಗಿ ಒಂದು ಪ್ರಾಣವೂ ಹುಟ್ಟಲಿದ್ದ ಇನ್ನೊಂದು ಪ್ರಾಣವೂ ಹೋದವೋ ಆ ಬಾಗಿಲು ಶತ್ರುವನ್ನು ತಡೆಯಲಿಲ್ಲ. ಕೆಂಪೇಗೌಡರ ವಂಶದವರು ಮಾಗಡಿಗೆ ಸರಿದು ಅಲ್ಲಿ ಆಳಿದರು. ೧೭೨೮ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದನು. ಆ ವಂಶದ ಕೊನೆಯ ಪ್ರಭುವು ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದು ತೀರಿಕೊಂಡನು. ಬೆಂಗಳೂರಿನ ಮಣ್ಣಿನ ಕೋಟೆಯು ಕಾಲಕ್ರಮದಲ್ಲಿ ಮಾಯವಾಯಿತು. ಧರ್ಮಾಂಬುಧಿ ಕೆರೆಯಿದ್ದ ನೆಲದಲ್ಲಿ ಇಂದು ಬಸ್ ನಿಲ್ದಾಣವಿದೆ. ಪೇಟೆ ಮಾತ್ರ ಉಳಿಯಿತು. ಕೋಟೆಯ ಬಲದಿಂದಲ್ಲ, ಕುಂಬಾರನೂ ಅರಳೆಯವನೂ ಅಕ್ಕಿಯವನೂ ಮನೆಮಕ್ಕಳೊಡನೆ ಅಲ್ಲಿ ಬಾಳಿದುದರಿಂದ ಅದು ಉಳಿಯಿತು.

ಕಟ್ಟಿಸಿದವನ ಕೀರ್ತಿಗೆ ಇಂದು ಕೊರತೆಯಿಲ್ಲ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಅವನದೆಂದು ಹೇಳಲಾಗುವ ಸಮಾಧಿಯು ೧೫೬೯ರಲ್ಲಿ ಕಾಲವಾದ ಆ ಪ್ರಭುವಿನ ನೆನಪನ್ನು ೨೦೧೫ರಲ್ಲಿ ಮತ್ತೆ ಎಚ್ಚರಿಸಿತು. ೨೦೨೨ರ ನವೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ ಅವನ ನೂರೆಂಟು ಅಡಿಯ ಕಂಚಿನ ಪ್ರತಿಮೆಯು ಅನಾವರಣಗೊಂಡಿತು. ಇವೆಲ್ಲವೂ ಯೋಗ್ಯವಾದ ಗೌರವಗಳೇ. ನಗರವನ್ನು ಕಟ್ಟುವವರು ಲೋಕಕ್ಕೆ ಬೇಕು. ಕೆಲಸದಲ್ಲಿ ಮನಸ್ಸಿಡದ ಜನಕ್ಕೆ ಕೆರೆಯೂ ಇಲ್ಲ, ಪೇಟೆಯೂ ಇಲ್ಲ.

ಆದರೆ ಮನೆಮನೆಗಳಲ್ಲಿ ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ಸೊಸೆಯ ತ್ಯಾಗವನ್ನು ಕೊಂಡಾಡಿ ಮುಗಿಸುವುದರಲ್ಲಿ ಒಂದು ಅಪಾಯವಿದೆ. ಹೆಣ್ಣುಮಕ್ಕಳು ಅದರಿಂದ ತಾವೂ ಹಾಗೆಯೇ ಇರಬೇಕೆಂದು ಕಲಿಯುವರು. ಗಂಡುಮಕ್ಕಳು ತಮ್ಮ ಕಾರ್ಯಕ್ಕಾಗಿ ಯಾರಾದರೂ ಹಾಗೆ ಇರುವರೆಂದು ಕಲಿಯುವರು. ಎರಡೂ ಕೆಟ್ಟ ಪಾಠಗಳೇ. ಗೌಡನು ಬಲಿಯನ್ನು ಒಲ್ಲೆನೆಂದಾಗ ಅದನ್ನು ಬಲ್ಲವರ ಮುಂದೆ ಮಾತ್ರ ಹೇಳಿದನು. ಅದೇ ಸಂಜೆ ಮನೆಯೊಳಕ್ಕೆ ಬಂದು, ಸೊಸೆಯನ್ನು ಕರೆದು, "ಬಾಗಿಲು ಬಿದ್ದರೆ ಬೀಳಲಿ, ತಾಯಿ, ನೀನು ನೆಮ್ಮದಿಯಾಗಿರು" ಎಂದು ಒಂದು ಮಾತು ಆಡಿದ್ದರೆ ಕೋರಮಂಗಲದಲ್ಲಿ ಗುಡಿಯಿರುತ್ತಿರಲಿಲ್ಲ, ಅವನ ತೊಡೆಯ ಮೇಲೆ ಮೊಮ್ಮಗುವೊಂದು ಆಡುತ್ತಿದ್ದಿತು. ದೊಡ್ಡ ಕಾರ್ಯವನ್ನು ಹಿಡಿದವರು ಹೊರಗೆ ಎಷ್ಟು ಜನಕ್ಕೆ ಎಷ್ಟೋ ಮಾತುಗಳನ್ನು ಹೇಳಬೇಕಾಗುವುದು. ಈ ಒಂದು ಮಾತನ್ನು ಮನೆಯೊಳಗೆ ಹೇಳುವುದಕ್ಕೆ ಅವರಿಗೆ ಬಿಡುವಾಗಬೇಕು.